ಒಂದೇ ಹೆಸರು, ನಾಲ್ಕು ಹಣೆಬರಹ: ಕಾಯ್ದೆಯಿಂದ ಕಾಯ್ದೆಗೆ ಪದದ ಅರ್ಥ ಬದಲಾಗುವ ಬಗೆ

ಕಳೆದ ಮಳೆಗಾಲದಲ್ಲಿ ಗದಗಿನ ನನ್ನ ಕಚೇರಿಗೆ ರೋಣದ ಕಡೆಯ ಹೆಣ್ಣುಮಗಳೊಬ್ಬರು ಬಂದಿದ್ದರು. ಜೊತೆಗೆ ಹದಿನಾರು ವರ್ಷದ ಮಗಳು. ಗಂಡ ತೀರಿಕೊಂಡು ಮೂರು ತಿಂಗಳಾಗಿತ್ತು. ಕೈಚೀಲದಿಂದ ಒಂದೊಂದಾಗಿ ಕಾಗದ ತೆಗೆದು ಮೇಜಿನ ಮೇಲಿಟ್ಟರು: ಬ್ಯಾಂಕಿನ ಠೇವಣಿ ರಸೀದಿ, ವಿಮಾ ಬಾಂಡು, ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ಗಂಡ ದುಡಿದಾಗಿನ ಭವಿಷ್ಯನಿಧಿಯ ಚೀಟಿ, ಅವನೇ ದುಡಿದು ಕೊಂಡಿದ್ದ ಮೂರು ಎಕರೆ ಎರೆಹೊಲದ ಉತಾರ, ಅಂದರೆ ಹೊಲದ ಕಂದಾಯ ದಾಖಲೆ. ಮೊದಲ ಮೂರರಲ್ಲಿಯೂ ನಾಮಿನಿ ಎಂಬ ಜಾಗದಲ್ಲಿ ಗಂಡನ ಅಣ್ಣನ ಹೆಸರಿತ್ತು. ಮದುವೆಗೆ ಮುಂಚೆ ತುಂಬಿದ ಫಾರ್ಮುಗಳು. ಆಮೇಲೆ ಬದಲಿಸಲು ಯಾರಿಗೂ ನೆನಪಾಗಿರಲಿಲ್ಲ.

“ಭಾವನವರ ಹೆಸರಿದೆ ಎಂದ ಮೇಲೆ ಎಲ್ಲವೂ ಅವರದೇ ಎಂದು ಊರಲ್ಲಿ ಹೇಳುತ್ತಾರೆ. ಹೌದೇ ಸಾಹೇಬರೇ?” ಎಂದು ಕೇಳಿದರು. ಈ ಪ್ರಶ್ನೆಯನ್ನು ನಾನು ಇಪ್ಪತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಪ್ರತಿ ಸಲವೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಏಕೆಂದರೆ ಕೇಳಲು ಬಂದವರು ಬಚಾವಾಗುತ್ತಾರೆ. ಕೇಳದೆ ಊರಿನ ಮಾತು ನಂಬಿ ಸುಮ್ಮನಾದವರ ಲೆಕ್ಕ ಇಟ್ಟವರಿಲ್ಲ.

ಬ್ಯಾಂಕಿನ ಠೇವಣಿಗೆ ನಾಮಿನಿಯಾದವನು ಹಣ ಎಣಿಸಿಕೊಳ್ಳುವ ಕೈ, ಅಷ್ಟೇ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ಸಾಲುಗಳನ್ನು ಓದಿದರೆ ಠೇವಣಿದಾರನ ಎಲ್ಲ ಹಕ್ಕುಗಳೂ ನಾಮಿನಿಗೆ ಬರುತ್ತವೆ ಎಂಬಂತೆಯೇ ಕಾಣುತ್ತದೆ. ಆದರೆ ಆ ಸಾಲುಗಳನ್ನು ಬರೆದದ್ದು ಬ್ಯಾಂಕಿನ ರಕ್ಷಣೆಗೆ. ಒಬ್ಬನಿಗೆ ಹಣ ಕೊಟ್ಟು ರಸೀದಿ ಪಡೆದರೆ ಬ್ಯಾಂಕಿನ ಹೊಣೆ ತೀರಿತು. ಹಣದ ಒಡೆಯರು ಯಾರು ಎಂಬುದನ್ನು ಹೇಳಬೇಕಾದದ್ದು ಉತ್ತರಾಧಿಕಾರದ ಕಾನೂನು ಎಂದು ಸುಪ್ರೀಂ ಕೋರ್ಟು 2010ರಲ್ಲಿ ಬಿಡಿಸಿ ಹೇಳಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಸ್ವಯಾರ್ಜಿತಕ್ಕೆ ಹೆಂಡತಿ, ಮಕ್ಕಳು, ತಾಯಿ ಮೊದಲ ವರ್ಗದ ವಾರಸುದಾರರು. ಅಣ್ಣತಮ್ಮಂದಿರು ಎರಡನೆಯ ವರ್ಗದವರು. ಮೊದಲ ವರ್ಗದಲ್ಲಿ ಒಬ್ಬರಿದ್ದರೂ ಎರಡನೆಯ ವರ್ಗಕ್ಕೆ ಕವಡೆಯೂ ಸಲ್ಲುವುದಿಲ್ಲ. ಭಾವ ಬ್ಯಾಂಕಿಗೆ ಹೋಗಿ ಹಣ ತರಬಹುದು. ತಂದು ಈ ಹೆಣ್ಣುಮಗಳಿಗೆ, ಅವರ ಮಗಳಿಗೆ, ಅತ್ತೆಗೆ ಸಮನಾಗಿ ಮೂರು ಪಾಲು ಮಾಡಿ ಒಪ್ಪಿಸಬೇಕು.

ವಿಮೆಯ ಕಾಯ್ದೆಯಲ್ಲಿ ಅದೇ ಪದ ಬೇರೆ ಬಣ್ಣ ತಳೆಯುತ್ತದೆ. ವಿಮೆಯ ನಾಮಿನಿಯೂ ಹಣ ಸ್ವೀಕರಿಸುವವನು ಮಾತ್ರ ಎಂದು 1983ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2015ರಲ್ಲಿ ವಿಮಾ ಕಾಯ್ದೆಯ 39ನೇ ಕಲಮಿಗೆ ತಿದ್ದುಪಡಿ ಬಂದು, ತಂದೆ ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಗಳಾಗಿದ್ದರೆ ಹಣದ ಲಾಭ ಅವರಿಗೇ ಸೇರತಕ್ಕದ್ದು ಎಂಬ ಮಾತು ಸೇರಿತು. ಆ ಪಟ್ಟಿಯಲ್ಲಿ ಅಣ್ಣನಿಲ್ಲ. ಆದ್ದರಿಂದ ಭಾವ ಇಲ್ಲಿಯೂ ಹಣ ದಾಟಿಸುವ ಕೈ ಮಾತ್ರ. ಇದೇ ತಿದ್ದುಪಡಿಯ ವಿಷಯದಲ್ಲಿ ನಮ್ಮ ಉಚ್ಚ ನ್ಯಾಯಾಲಯ 2025ರಲ್ಲಿ ಒಂದು ಮಹತ್ವದ ತೀರ್ಪು ಕೊಟ್ಟಿದೆ. ಮಗ ಮದುವೆಗೆ ಮುಂಚೆ ತಾಯಿಯನ್ನು ನಾಮಿನಿ ಮಾಡಿದ್ದ, ಆಮೇಲೆ ಹೆಂಡತಿ ಬಂದಳು, ಮಗು ಹುಟ್ಟಿತು, ಅವನು ತೀರಿಕೊಂಡ. ಹೊಸ ತಿದ್ದುಪಡಿಯೂ ಉತ್ತರಾಧಿಕಾರದ ಕಾನೂನನ್ನು ಮೀರುವುದಿಲ್ಲ, ವಾರಸುದಾರರು ಹಕ್ಕು ಕೇಳಿದರೆ ನಾಮಿನಿ ದಾರಿ ಬಿಡಬೇಕು ಎಂದು ಹೇಳಿ ತಾಯಿ, ಹೆಂಡತಿ, ಮಗು ಮೂವರಿಗೂ ತಲಾ ಮೂರನೆಯ ಒಂದು ಪಾಲು ಹಂಚಿತು.

ಭವಿಷ್ಯನಿಧಿಯ ಚೀಟಿ ಕೈಗೆತ್ತಿಕೊಂಡಾಗ ಆ ತಾಯಿಯ ಮುಖ ಮೊದಲ ಬಾರಿಗೆ ಅರಳಿತು. 1952ರ ಭವಿಷ್ಯನಿಧಿ ಯೋಜನೆಯಲ್ಲಿ ಕುಟುಂಬ ಎಂಬ ಪದಕ್ಕೆ ಅದರದೇ ವ್ಯಾಖ್ಯೆ ಇದೆ. ಗಂಡಸು ಸದಸ್ಯನಾದರೆ ಹೆಂಡತಿ, ಮಕ್ಕಳು, ಅವಲಂಬಿತ ತಂದೆ ತಾಯಿ, ತೀರಿಹೋದ ಮಗನ ವಿಧವೆ ಮತ್ತು ಮಕ್ಕಳು ಅದರೊಳಗೆ ಬರುತ್ತಾರೆ. ಅಣ್ಣ ಬರುವುದಿಲ್ಲ. ಕುಟುಂಬವಿಲ್ಲದಾಗ ಹೊರಗಿನವರನ್ನು ನಾಮಿನಿ ಮಾಡಿದ್ದರೆ, ಮುಂದೆ ಕುಟುಂಬ ಆದ ಕ್ಷಣಕ್ಕೇ ಆ ನಾಮನಿರ್ದೇಶನ ಅಸಿಂಧುವಾಗುತ್ತದೆ. ಅಂದರೆ ಈ ದಂಪತಿಯ ತಲೆಯ ಮೇಲೆ ಅಕ್ಕಿಕಾಳು ಬಿದ್ದ ದಿನವೇ ಭಾವನ ಹೆಸರಿನ ಆ ಫಾರ್ಮು ಸತ್ತುಹೋಗಿತ್ತು.

ಇನ್ನು ಉತಾರ. ಅದರಲ್ಲಿ ನಾಮಿನಿ ಎಂಬ ಅಂಕಣವೇ ಇಲ್ಲ, ವಾರಸಾ ಮಾಡಿಸಬೇಕು, ಅಂದರೆ ವಾರಸುದಾರರ ಹೆಸರು ಏರಿಸಬೇಕು. ಬೆಂಗಳೂರು, ಮೈಸೂರಿನವರು ಪಹಣಿ ಎನ್ನುವುದನ್ನು ನಾವು ಉತಾರ ಎನ್ನುತ್ತೇವೆ. ಅದರಲ್ಲಿ ಹೆಸರಿದ್ದರೆ ಒಡೆತನ ಬಂದಂತೆ ಎಂಬ ನಂಬಿಕೆ ಎಲ್ಲ ಕಡೆಗೂ ಒಂದೇ, ಮತ್ತು ಎಲ್ಲ ಕಡೆಗೂ ತಪ್ಪು. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 133ನೇ ಕಲಮಿನಂತೆ ಉತಾರದ ದಾಖಲೆಯನ್ನು ಬೇರೆ ರೀತಿ ರುಜುವಾತಾಗುವವರೆಗೆ ನಿಜವೆಂದು ಭಾವಿಸಬೇಕು. ‘ರುಜುವಾತಾಗುವವರೆಗೆ’ ಎಂಬ ಪದದಲ್ಲಿಯೇ ಇಡೀ ಸಂಗತಿ ಅಡಗಿದೆ. ಕಂದಾಯ ಯಾರಿಂದ ವಸೂಲು ಮಾಡಬೇಕು ಎಂದು ಸರ್ಕಾರಕ್ಕೆ ತಿಳಿಯಲೆಂದು ಇಟ್ಟ ದಾಖಲೆ ಅದು. ಹಕ್ಕು ಹುಟ್ಟುವುದು ಖರೀದಿಯಿಂದ, ವಾಟ್ನಿಯಿಂದ (ಆಸ್ತಿಯ ಪಾಲುಪಟ್ಟಿಯಿಂದ), ದಾನದಿಂದ, ಉಯಿಲಿನಿಂದ, ಇಲ್ಲವೇ ಸಾವಿನಿಂದ.

ಒಬ್ಬನ ಹೆಸರು, ನಾಲ್ಕು ಕಾಗದ, ನಾಲ್ಕು ಹಣೆಬರಹ. ಇದು ಕಾನೂನಿನ ಗೊಂದಲವೆಂದು ಹಲವರು ಬೇಸರಪಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪ್ರತಿ ಕಾಯ್ದೆಯೂ ಒಂದು ತೊಂದರೆಯನ್ನು ನೀಗಿಸಲು ಹುಟ್ಟುತ್ತದೆ, ಆ ಕೆಲಸಕ್ಕೆ ಬೇಕಾದಷ್ಟೇ ಅಳತೆಗೆ ಪದವನ್ನು ಕತ್ತರಿಸಿಕೊಳ್ಳುತ್ತದೆ. ಬ್ಯಾಂಕಿಗೆ ಬೇಗ ಕೈತೊಳೆದುಕೊಳ್ಳುವುದು ಮುಖ್ಯ. ಭವಿಷ್ಯನಿಧಿಗೆ ದುಡಿದವನ ಹೆಂಡತಿ ಮಕ್ಕಳು ಬೀದಿಗೆ ಬೀಳಬಾರದು ಎಂಬುದು ಮುಖ್ಯ. ಆದ್ದರಿಂದಲೇ ಹೆಚ್ಚಿನ ಕಾಯ್ದೆಗಳ ಎರಡನೆಯ ಕಲಮು ಪದಗಳ ವ್ಯಾಖ್ಯೆಗೆ ಮೀಸಲು. ಅಲ್ಲಿ ಸಿಗದಿದ್ದರೆ ಕೇಂದ್ರದ ಕಾಯ್ದೆಗಳಿಗೆಲ್ಲ ಅನ್ವಯಿಸುವ 1897ರ ಸಾಮಾನ್ಯ ಖಂಡಗಳ ಕಾಯ್ದೆಯನ್ನು ನೋಡಬೇಕು. ಅದರಲ್ಲಿ ‘ವ್ಯಕ್ತಿ’ ಎಂದರೆ ಕಂಪನಿಯೂ ಸೇರುತ್ತದೆ, ನೋಂದಣಿಯಾಗದ ಸಂಘವೂ ಸೇರುತ್ತದೆ.

ವ್ಯಾಖ್ಯೆಯನ್ನು ಓದುವಾಗ ಎರಡು ಕ್ರಿಯಾಪದಗಳ ಮೇಲೆ ಕಣ್ಣಿಡಬೇಕು. ‘ಎಂದರೆ’ ಎಂದಿದ್ದರೆ ಬೇಲಿ ಹಾಕಿದಂತೆ, ಹೇಳಿದ್ದು ಮಾತ್ರ ಒಳಗೆ. ‘ಒಳಗೊಳ್ಳುತ್ತದೆ’ ಎಂದಿದ್ದರೆ ರೂಢಿಯ ಅರ್ಥ ಹಾಗೆಯೇ ಇದ್ದು, ಇನ್ನೂ ಕೆಲವು ಬಂದು ಸೇರುತ್ತವೆ. ಆ ಕಲಮಿನ ಮೊದಲ ಸಾಲಿನಲ್ಲಿ ಸಾಮಾನ್ಯವಾಗಿ ‘ಸಂದರ್ಭವು ಅನ್ಯಥಾ ಅಗತ್ಯಪಡಿಸದ ಹೊರತು’ ಎಂಬ ಮಾತು ಇರುತ್ತದೆ. ಒಂದೇ ಕಾಯ್ದೆಯೊಳಗೂ ಪದ ಒಮ್ಮೊಮ್ಮೆ ಅರ್ಥ ಬದಲಿಸಬಹುದು ಎಂಬುದಕ್ಕೆ ಅಲ್ಲಿಯೇ ಅನುಮತಿ ಇದೆ.

ಇದರ ಮೇಲೆ ನಮ್ಮ ಕನ್ನಡಕ್ಕೆ ಇನ್ನೊಂದು ಪದರವಿದೆ. ಇಂಗ್ಲಿಷಿನಲ್ಲಿ ಬೇರೆ ಬೇರೆಯಾಗಿರುವ ಹಲವು ಪದಗಳನ್ನು ಕನ್ನಡ ಒಂದೇ ಮಾತಿನಲ್ಲಿ ಹೇಳುತ್ತದೆ. ‘ಪ್ರಕರಣ’ ಎಂದರೆ ಪತ್ರಿಕೆಯಲ್ಲಿ ಕೇಸು. ರಾಜ್ಯದ ಕಾಯ್ದೆಗಳ ಕನ್ನಡ ಪಠ್ಯದಲ್ಲಿ ಅದೇ ‘ಪ್ರಕರಣ’ ಎಂದರೆ ಕಲಮು. ‘ಬಿಡುಗಡೆ’ಯನ್ನು ನೋಡಿ. ಜಾಮೀನಿನ ಮೇಲೆ ಹೊರಬಂದರೂ ಬಿಡುಗಡೆ, ಆರೋಪ ಹೊರಿಸಲು ಆಧಾರವಿಲ್ಲವೆಂದು ಕೈಬಿಟ್ಟರೂ ಬಿಡುಗಡೆ, ವಿಚಾರಣೆ ಮುಗಿದು ಖುಲಾಸೆಯಾದರೂ ಬಿಡುಗಡೆ. ಕೊನೆಯದರಲ್ಲಿ ಮಾತ್ರ ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ಇಲ್ಲ. ಮಧ್ಯದ್ದರಲ್ಲಿ ಹೊಸ ಸಾಕ್ಷ್ಯ ಸಿಕ್ಕರೆ ಮತ್ತೆ ಕಟಕಟೆಗೆ ಬರಬೇಕಾಗಬಹುದು. ಉಪನೋಂದಣಿ ಕಚೇರಿಯಲ್ಲಿ ತಂಗಿ ಅಣ್ಣನಿಗೆ ಸಹಿ ಹಾಕಿ ಕೊಡುವ ಹಕ್ಕು ಬಿಡುಗಡೆ ಪತ್ರವೂ ಬಿಡುಗಡೆಯೇ. ಅಲ್ಲಿ ಬಿಟ್ಟುಹೋಗುವುದು ಅವಳ ಪಾಲಿನ ಭೂಮಿ.

ಜಾಮೀನು ಎಂಬ ಪದ ನಮ್ಮ ಸೀಮೆಯಲ್ಲಿ ಎಷ್ಟು ಮನೆಗಳನ್ನು ಮುಳುಗಿಸಿದೆ ಎಂದು ಯೋಚಿಸಿದರೆ ನಿದ್ದೆ ಬರುವುದಿಲ್ಲ. ಹಳ್ಳಿಯಲ್ಲಿ ಒಳ್ಳೆಯ ಹೆಸರಿದ್ದವರನ್ನು ಎರಡು ಕೆಲಸಕ್ಕೆ ಕರೆಯುತ್ತಾರೆ: ಯಾರನ್ನೋ ಪೊಲೀಸರು ಹಿಡಿದಾಗ ಕೋರ್ಟಿನಲ್ಲಿ ಜಾಮೀನು ನಿಲ್ಲಲು, ಯಾರೋ ಸಾಲ ತೆಗೆಯುವಾಗ ಸೊಸೈಟಿಯಲ್ಲಿ ಜಾಮೀನು ಹಾಕಲು. ಎರಡಕ್ಕೂ ಉತಾರ ಒಯ್ಯಬೇಕು, ಎರಡಕ್ಕೂ ಸಹಿ ಹಾಕಬೇಕು. ಹೀಗಾಗಿ ಎರಡೂ ಒಂದೇ ಎನ್ನಿಸುವುದು ಸಹಜ. ಕೋರ್ಟಿನ ಜಾಮೀನುದಾರ ಹೊರುವುದು ಆರೋಪಿ ತಾರೀಖಿಗೆ ಹಾಜರಾಗುತ್ತಾನೆ ಎಂಬ ಹೊಣೆಯನ್ನು. ಅವನು ಬಾರದಿದ್ದರೆ ಮುಚ್ಚಳಿಕೆಯಲ್ಲಿ ಬರೆದ ಮೊತ್ತದವರೆಗೆ ದಂಡ ತೆರಬೇಕಾಗುತ್ತದೆ. ಅದರಲ್ಲಿ ಒಂದಿಷ್ಟನ್ನು ಮನ್ನಾ ಮಾಡುವ ಅಧಿಕಾರವೂ ನ್ಯಾಯಾಧೀಶರಿಗಿದೆ. ಅಪರಾಧ ಸಾಬೀತಾದರೆ ಜೈಲಿಗೆ ಹೋಗುವವನು ಆರೋಪಿಯೇ. ಬೇಡವೆನಿಸಿದರೆ ಜಾಮೀನುದಾರ ಯಾವಾಗ ಬೇಕಾದರೂ ಅರ್ಜಿ ಕೊಟ್ಟು ಹೊರಬರಬಹುದು. ಆಗ ಕೋರ್ಟು ಆರೋಪಿಯನ್ನು ಕರೆಸಿ ಬೇರೆ ಜಾಮೀನು ಕೇಳುತ್ತದೆ.

ಸಾಲದ ಜಾಮೀನು ಬೇರೆಯೇ ಪ್ರಾಣಿ. 1872ರ ಕರಾರು ಕಾಯ್ದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಅಸಲು, ಬಡ್ಡಿ, ಖರ್ಚು ಎಲ್ಲವೂ ಸೇರಿ. ಮೊದಲು ಸಾಲಗಾರನ ಮನೆಗೆ ಹೋಗಿ, ಅಲ್ಲಿ ಸಿಗದಿದ್ದರೆ ನನ್ನ ಹತ್ತಿರ ಬನ್ನಿ ಎನ್ನುವ ಹಕ್ಕು ಜಾಮೀನುದಾರನಿಗಿಲ್ಲ ಎಂದು ಸುಪ್ರೀಂ ಕೋರ್ಟು 1968ರಲ್ಲಿಯೇ ಹೇಳಿದೆ. ಬ್ಯಾಂಕು ನೇರವಾಗಿ ಜಾಮೀನುದಾರನ ಮೇಲೆಯೇ ದಾವೆ ಹೂಡಬಹುದು. ಕೊಟ್ಟುಹೋದ ಸಾಲಕ್ಕೆ ಹಾಕಿದ ಸಹಿಯನ್ನು ಹಿಂದೆಗೆದುಕೊಳ್ಳಲು ಬರುವುದಿಲ್ಲ. ಆದರೆ ಜಾಮೀನುದಾರನ ಒಪ್ಪಿಗೆ ಇಲ್ಲದೆ ಬ್ಯಾಂಕು ಮತ್ತು ಸಾಲಗಾರ ಸೇರಿ ಕರಾರಿನ ಷರತ್ತು ಬದಲಿಸಿದ್ದರೆ, ಆ ಬದಲಾವಣೆಯ ನಂತರದ ವ್ಯವಹಾರಕ್ಕೆ ಅವನು ಬಾಧ್ಯನಲ್ಲ. ಅದೇ ಕಾಯ್ದೆಯ 133ನೇ ಕಲಮು ಹೇಳುವ ಈ ಮಾತನ್ನು ಜಾಮೀನು ನಿಂತ ಪ್ರತಿಯೊಬ್ಬರೂ ತಿಳಿದಿರಬೇಕು.

ವಯಸ್ಸಿನ ವಿಷಯಕ್ಕೆ ಬರುತ್ತೇನೆ. ‘ಮಗು’ ಎಂದರೆ ಎಷ್ಟು ವರ್ಷದವರು? ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತೊಟ್ಟು ಬಿಡಿಸುವ ತಾಯಿಯ ಪಕ್ಕ ಹದಿಮೂರರ ಹುಡುಗನನ್ನು ಕೂಲಿಗೆ ಕೂರಿಸಿದರೆ ಬಾಲಕಾರ್ಮಿಕ ಕಾಯ್ದೆ ಅಡ್ಡ ಬರುತ್ತದೆ, ಅಲ್ಲಿ ಹದಿನಾಲ್ಕು ತುಂಬದವರು ಮಕ್ಕಳು. ಹದಿನಾಲ್ಕರಿಂದ ಹದಿನೆಂಟರವರೆಗಿನವರು ಕಿಶೋರರು. 2016ರ ತಿದ್ದುಪಡಿಯಂತೆ ಗಣಿ, ಸ್ಫೋಟಕಗಳಂಥ ಅಪಾಯದ ಕೆಲಸ ಅವರಿಗೆ ನಿಷಿದ್ಧ, ಉಳಿದ ಕೆಲಸಕ್ಕೆ ನಿಯಮಬದ್ಧ ಅವಕಾಶವಿದೆ. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ಕಾಯುವ 2012ರ ಪೋಕ್ಸೊ ಕಾಯ್ದೆಗೆ ಹದಿನೇಳೂವರೆ ವರ್ಷದವಳೂ ಮಗುವೇ, ಅವಳ ಸಮ್ಮತಿಗೆ ಅಲ್ಲಿ ಬೆಲೆಯಿಲ್ಲ. ಅಪರಾಧದ ಹೊಣೆಯ ಪ್ರಶ್ನೆ ಬಂದರೆ ಏಳು ವರ್ಷದೊಳಗಿನ ಮಗು ಏನು ಮಾಡಿದರೂ ಅಪರಾಧವಾಗುವುದಿಲ್ಲ. ಏಳರಿಂದ ಹನ್ನೆರಡರವರೆಗೆ ಬುದ್ಧಿ ಬಲಿತಿದೆಯೇ ಎಂದು ನೋಡುತ್ತಾರೆ. ಎಲ್ಲಕ್ಕಿಂತ ಜನರನ್ನು ಬೆರಗಾಗಿಸುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ. ಅದರ ಪ್ರಕಾರ ಹೆಣ್ಣಿಗೆ ಹದಿನೆಂಟು, ಗಂಡಿಗೆ ಇಪ್ಪತ್ತೊಂದು ತುಂಬದಿದ್ದರೆ ‘ಮಗು’. ಮತ ಹಾಕಿ, ಲೈಸೆನ್ಸು ಪಡೆದು, ತನ್ನ ಹೊಲವನ್ನು ತಾನೇ ಮಾರಬಲ್ಲ ಇಪ್ಪತ್ತರ ತರುಣ ಹಸೆಮಣೆ ಏರಿದ ಕೂಡಲೇ ಮಗುವಾಗುತ್ತಾನೆ. ಸಾಮೂಹಿಕ ವಿವಾಹ ನಡೆಸುವವರು ಹುಡುಗಿಯ ಜನ್ಮದಾಖಲೆಯನ್ನಷ್ಟೇ ನೋಡಿ ಹುಡುಗನದನ್ನು ಕೇಳದಿರುವುದು ಇದನ್ನು ಅರಿಯದೆಯೇ.

ಹೊಲದ ಮಾತು ಬಂದರೆ ನಮ್ಮ ಜಿಲ್ಲೆಗಳಲ್ಲಿ ಮಾತು ಬೇಗ ಮುಗಿಯುವುದಿಲ್ಲ. ಧಾರವಾಡದ ಸುತ್ತ ಆಪೂಸ್ ಮಾವಿನ ತೋಪುಗಳಿವೆ. ಮಾವಿನ ಮರ ಸ್ಥಿರಾಸ್ತಿಯೋ ಚರಾಸ್ತಿಯೋ? ನೆಲಕ್ಕೆ ಬೇರೂರಿದ್ದು ಸ್ಥಿರಾಸ್ತಿ ಎಂಬುದು ಸಾಮಾನ್ಯ ನಿಯಮ. ಆದರೆ ನೋಂದಣಿ ಕಾಯ್ದೆ ಮತ್ತು ಸ್ವತ್ತು ವರ್ಗಾವಣೆ ಕಾಯ್ದೆ ಎರಡೂ ನಿಂತ ಚೌಬೀನೆ (ಕಟ್ಟಿಗೆಗೆಂದು ಕಡಿಯುವ ಮರ), ಬೆಳೆಯುತ್ತಿರುವ ಪೈರು, ಹುಲ್ಲು ಈ ಮೂರನ್ನು ಸ್ಥಿರಾಸ್ತಿಯಿಂದ ಹೊರಗಿಟ್ಟಿವೆ. ಹಾಗಾದರೆ ಮರ ಯಾವಾಗ ಚೌಬೀನೆಯಾಗುತ್ತದೆ? 1958ರಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ಹೇಳಿತು. ನೆಲದ ಸಾರ ಹೀರುತ್ತ ಹಣ್ಣು ಕೊಡಲೆಂದು ನಿಲ್ಲಿಸಿದ ಮರ ಸ್ಥಿರಾಸ್ತಿ. ಬೇಗ ಕಡಿದು ಒಯ್ಯುವ ಉದ್ದೇಶದಿಂದ ಮಾರಿದರೆ ಅದು ಚೌಬೀನೆ. ಮರ ಅದೇ, ಮಾರುವವರ ಮನಸ್ಸಿನ ಮೇಲೆ ಅದರ ಜಾತಿ ನಿಲ್ಲುತ್ತದೆ. ಸರಕು ಮಾರಾಟ ಕಾಯ್ದೆಯಲ್ಲಿ ನಿಂತ ಬೆಳೆ ‘ಸರಕು’. ಸಾಲದ ಡಿಕ್ರಿ, ಅಂದರೆ ಕೋರ್ಟಿನ ತೀರ್ಪಿನ ಆದೇಶ, ಜಾರಿಗೆ ಬಂದಾಗ ದಿವಾಣಿ (ಸಿವಿಲ್) ಪ್ರಕ್ರಿಯಾ ಸಂಹಿತೆಯಂತೆ ನಿಂತ ಹತ್ತಿ ಚರಾಸ್ತಿಯಾಗಿ ಜಪ್ತಿಗೆ ಒಳಪಡುತ್ತದೆ. ಕಳ್ಳತನದ ಕಾನೂನಿನ ಕಣ್ಣಿಗೆ ನಿಂತ ಮರವನ್ನು ಕದಿಯಲು ಬರುವುದಿಲ್ಲ. ಕೊಡಲಿ ಬಿದ್ದು ಅದು ನೆಲದಿಂದ ಬೇರೆಯಾದ ಕ್ಷಣಕ್ಕೆ ಕಳ್ಳತನ ಸಾಧ್ಯವಾಗುತ್ತದೆ.

‘ಕೃಷಿ’ ಎಂಬ ಪದವೂ ಹೀಗೆಯೇ. ಕರ್ನಾಟಕ ಭೂ ಸುಧಾರಣಾ ಕಾಯ್ದೆ, 1961ರಲ್ಲಿ ಹೈನುಗಾರಿಕೆ, ಕೋಳಿ ಸಾಕಣೆ, ಜಾನುವಾರು ತಳಿ ಬೆಳೆಸುವುದು, ದನ ಮೇಯಿಸುವುದು ಎಲ್ಲವೂ ಕೃಷಿಯೇ. ಅದೇ ರೈತ ಆದಾಯ ತೆರಿಗೆಯ ಲೆಕ್ಕಕ್ಕೆ ಬಂದಾಗ ಹಾಲಿನ ದುಡ್ಡು, ಕೋಳಿಯ ದುಡ್ಡು ಕೃಷಿ ಆದಾಯವಲ್ಲ. ಅಲ್ಲಿ ಉತ್ತು ಬಿತ್ತುವಂಥ ಮೂಲ ಕೆಲಸ ಭೂಮಿಯ ಮೇಲೆಯೇ ನಡೆದಿರಬೇಕು ಎಂದು 1957ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬ್ಯಾಡಗಿ ಮೆಣಸಿನಕಾಯಿಯನ್ನು ರೈತ ಕಣದಲ್ಲಿ ಒಣಗಿಸಿ ಮಾರಿದರೆ ಅದು ಕೃಷಿ ಆದಾಯ, ಏಕೆಂದರೆ ಬೆಳೆಯನ್ನು ಪೇಟೆಗೆ ಒಯ್ಯುವ ಹದಕ್ಕೆ ತರಲು ಬೆಳೆಗಾರರು ಸಾಮಾನ್ಯವಾಗಿ ಮಾಡುವ ಕೆಲಸ ಅದು. ಗಿರಣಿ ಹಾಕಿ ಪುಡಿ ಮಾಡಿ ಪೊಟ್ಟಣ ಕಟ್ಟಿ ಮಾರಿದರೆ ಆ ಹೆಚ್ಚುವರಿ ಲಾಭ ವ್ಯಾಪಾರದ ಆದಾಯ. ಮಗ ಗಿರಣಿ ಹಾಕಿದ ಮನೆಗಳಲ್ಲಿ ಎರಡೂ ಲೆಕ್ಕ ಬೆರೆತುಹೋಗಿ ನೋಟಿಸು ಬಂದಾಗ ಗಾಬರಿಯಾಗುವುದನ್ನು ಕಂಡಿದ್ದೇನೆ. ರಾಣೆಬೆನ್ನೂರಿನ ಬೀಜ ಪೇಟೆಯಿಂದ ಕೊಂಡ ಬೀಜ ಮೊಳಕೆ ಒಡೆಯದಿದ್ದರೆ ಮಾತ್ರ ರೈತನಿಗೆ ಇನ್ನೊಂದು ಪದ ಆಸರೆಯಾಗುತ್ತದೆ. ಲಾಭಕ್ಕಾಗಿ ಬೆಳೆಯುವ ರೈತ ‘ಗ್ರಾಹಕ’ನಲ್ಲ ಎಂದು ಬೀಜ ಕಂಪನಿಗಳು ವಾದಿಸುತ್ತಿದ್ದವು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಹಣ ಪಡೆದು ಚಿಕಿತ್ಸೆ ಕೊಡುವ ವೈದ್ಯರ ಕೆಲಸ 1995ರ ತೀರ್ಪಿನಿಂದ ಗ್ರಾಹಕ ಕಾನೂನಿನ ‘ಸೇವೆ’ಯಾಗಿದೆ. ನಮ್ಮ ವಕೀಲಿಕೆ ಅದರೊಳಗೆ ಬರುವುದಿಲ್ಲ ಎಂದು 2024ರಲ್ಲಿ ತೀರ್ಪಾಯಿತು. ಕಕ್ಷಿದಾರರಿಗೆ ಇದನ್ನು ಮೊದಲೇ ತಿಳಿಸುವುದು ನಮ್ಮ ಕರ್ತವ್ಯವೆಂದು ನಾನು ನಂಬುತ್ತೇನೆ.

ಹುಬ್ಬಳ್ಳಿ ಧಾರವಾಡ ಬೈಪಾಸಿನ ಅಪಘಾತದ ಸುದ್ದಿ ಓದದವರು ನಮ್ಮಲ್ಲಿ ಇಲ್ಲ. ಅಂಥದೊಂದನ್ನು ಊಹಿಸಿಕೊಳ್ಳಿ. ಲಾರಿ ಬಡಿದು ಬೈಕಿನ ಸವಾರ ತೀರಿಹೋದ. ಒಂದೇ ಘಟನೆ, ಒಂದೇ ಪದ: ನಿರ್ಲಕ್ಷ್ಯ. ಕ್ರಿಮಿನಲ್ ಕೋರ್ಟಿನಲ್ಲಿ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಚಾಲಕನ ಮೇಲೆ ಕೇಸು ನಡೆಯುತ್ತದೆ, ಐದು ವರ್ಷದವರೆಗೆ ಶಿಕ್ಷೆಯಾಗಬಹುದು. ಅಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಸಾಕ್ಷಿಗಳು ತ್ರಾಸಿನ ತಟ್ಟೆಯನ್ನು ಸ್ವಲ್ಪ ಅಲುಗಿಸಿದರೂ ಚಾಲಕ ಖುಲಾಸೆ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅದೇ ನಿರ್ಲಕ್ಷ್ಯವನ್ನು ಸಂಭವನೀಯತೆಯ ತೂಕದಿಂದ ನಿರ್ಣಯಿಸುತ್ತಾರೆ. ಹೀಗೆ ನಡೆದಿರುವ ಸಾಧ್ಯತೆಯೇ ಹೆಚ್ಚು ಎಂದು ಕಂಡರೆ ಸಾಕು. ಆದ್ದರಿಂದ ಚಾಲಕ ಖುಲಾಸೆಯಾದ ಮೇಲೆಯೂ ಸವಾರನ ಹೆಂಡತಿಗೆ ಪರಿಹಾರ ಸಿಗುತ್ತದೆ. ‘ಕೇಸು ಬಿದ್ದುಹೋಯಿತು, ಇನ್ನೇನು ಸಿಗುತ್ತದೆ’ ಎಂದು ಹಕ್ಕು ಕೇಳದೆ ಕುಳಿತವರನ್ನು ನಾನು ಬಲ್ಲೆ. ಸವಾರನದೂ ಸ್ವಲ್ಪ ತಪ್ಪಿದ್ದರೆ ನ್ಯಾಯಮಂಡಳಿ ಅಷ್ಟು ಪಾಲನ್ನು ಪರಿಹಾರದಿಂದ ಕಳೆಯುತ್ತದೆ. ಇನ್ನು ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಡಿ ನಿರ್ಲಕ್ಷ್ಯದ ಪ್ರಶ್ನೆಯೇ ಏಳುವುದಿಲ್ಲ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ, ಯಾರ ತಪ್ಪೆಂದು ಸಾಬೀತುಪಡಿಸುವ ಗೊಡವೆಯಿಲ್ಲ. ವೈದ್ಯರ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಪರಿಹಾರಕ್ಕೆ ಸಾಮಾನ್ಯ ನಿರ್ಲಕ್ಷ್ಯ ಸಾಕಾದರೂ, ಜೈಲಿಗೆ ಕಳಿಸಲು ಅದು ಘೋರ ನಿರ್ಲಕ್ಷ್ಯವಾಗಿರಬೇಕು ಎಂದು 2005ರಲ್ಲಿ ಸುಪ್ರೀಂ ಕೋರ್ಟು ಗೆರೆ ಎಳೆದಿದೆ.

ಹೆಣ್ಣುಮಕ್ಕಳ ಪಾಲಿಗೆ ಅತಿ ನೋವಿನ ಪದ ‘ಹೆಂಡತಿ’. ಮೊದಲ ಹೆಂಡತಿ ಇರುವುದನ್ನು ಮುಚ್ಚಿಟ್ಟು ಎರಡನೆಯವಳ ಕೊರಳಿಗೆ ತಾಳಿ ಕಟ್ಟಿದವನನ್ನು ತೆಗೆದುಕೊಳ್ಳಿ. ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಎರಡನೆಯ ಮದುವೆ ಶೂನ್ಯ, ಅವಳು ಹೆಂಡತಿಯೇ ಅಲ್ಲ. ಪಿಂಚಣಿಯಲ್ಲಿಯೂ ಅವಳಿಗೆ ಜಾಗ ಸಿಗುವುದು ಕಷ್ಟ. ಆದರೆ ಜೀವನಾಂಶದ ಕಾನೂನಿನಲ್ಲಿ, ಮೋಸಹೋದ ಎರಡನೆಯವಳನ್ನೂ ಹೆಂಡತಿಯೆಂದೇ ಎಣಿಸಬೇಕು ಎಂದು ಸುಪ್ರೀಂ ಕೋರ್ಟು ಹೇಳಿದೆ. ಮೋಸ ಮಾಡಿದವನು ತನ್ನ ಮೋಸದಿಂದಲೇ ಲಾಭ ಪಡೆಯಬಾರದು ಎಂಬುದು ಅದರ ತರ್ಕ. ವಿಚ್ಛೇದನ ಪಡೆದು ಮರುಮದುವೆಯಾಗದವಳೂ ಅಲ್ಲಿ ಹೆಂಡತಿಯೇ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಮದುವೆಯ ಸ್ವರೂಪದ ಸಂಬಂಧವನ್ನೂ ಒಪ್ಪಿಕೊಳ್ಳುತ್ತದೆ. ಇತ್ತ ಮೊದಲ ಹೆಂಡತಿ ಗಂಡನ ಮೇಲೆ ದ್ವಿಪತ್ನಿತ್ವದ ಕೇಸು ಹಾಕಿದರೆ, ಎರಡನೆಯ ಮದುವೆ ಶಾಸ್ತ್ರೋಕ್ತವಾಗಿ ಅಥವಾ ಆ ಸಮುದಾಯದ ರೂಢಿಯಂತೆ ನಡೆಯಿತೆಂದು ಅವಳೇ ಕಟ್ಟುನಿಟ್ಟಾಗಿ ರುಜುವಾತು ಮಾಡಬೇಕು. ನಮ್ಮ ಕಡೆ ಉಡಿಕೆಯಂಥ ಸರಳ ಮದುವೆಗಳಿವೆ. ಫೋಟೋ ಇರುವುದಿಲ್ಲ, ಲಗ್ನಪತ್ರಿಕೆ ಇರುವುದಿಲ್ಲ. ರೂಢಿ ಇತ್ತೆಂದು ತೋರಿಸುವ ಭಾರವೂ ಅವಳ ಮೇಲೆಯೇ ಬೀಳುತ್ತದೆ. ಇಂಥ ಶೂನ್ಯ ವಿವಾಹದಿಂದ ಹುಟ್ಟಿದ ಮಕ್ಕಳ ಬಗ್ಗೆ ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ 2023ರ ಸೆಪ್ಟೆಂಬರಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಒಟ್ಟು ಕುಟುಂಬದ ಆಸ್ತಿಯಲ್ಲಿ ತಂದೆಗೆ ಬರುತ್ತಿದ್ದ ಪಾಲಿನೊಳಗೆ ಆ ಮಕ್ಕಳಿಗೂ ಹಕ್ಕಿದೆ. ಉಳಿದ ದಾಯಾದಿಗಳ ಪಾಲಿನಲ್ಲಿ ಇಲ್ಲ.

ಪದದ ಅರ್ಥ ಬದಲಾಗಲು ಕಾಯ್ದೆಯೇ ಬದಲಾಗಬೇಕೆಂದಿಲ್ಲ, ಕೆಲವೊಮ್ಮೆ ಊರು ಬದಲಾದರೂ ಸಾಕು. ಹಳೆಯ ಮೈಸೂರಿನಲ್ಲಿ ದರಖಾಸ್ತು ಎಂದರೆ ಸರ್ಕಾರಿ ಜಮೀನು ಮಂಜೂರು ಮಾಡಿರೆಂದು ಕೊಡುವ ಅರ್ಜಿ. 1956ರವರೆಗೆ ಮುಂಬೈ ಆಡಳಿತದಲ್ಲಿದ್ದ ಧಾರವಾಡ ಸೀಮೆಗೆ ಬಂದ ರೂಢಿಯಲ್ಲಿ ದರಖಾಸ್ತು ಎಂದರೆ ಡಿಕ್ರಿ ಅಮಲ್ಜಾರಿಗೆ ಹಾಕುವ ಅರ್ಜಿ. ದಕ್ಷಿಣದಿಂದ ಬಂದ ಕಿರಿಯ ವಕೀಲರೊಬ್ಬರು ಅಜ್ಜನ ಕಾಲದ ಕಡತದಲ್ಲಿ ಈ ಪದ ಕಂಡು ಜಮೀನು ಮಂಜೂರಾತಿಯ ಆದೇಶವನ್ನು ಎರಡು ದಿನ ಹುಡುಕಿದರು.

ಆ ರೋಣದ ಹೆಣ್ಣುಮಗಳ ಹೊಲಕ್ಕೆ ಒಬ್ಬ ಖರೀದಿದಾರ ಆಗಲೇ ಸಿದ್ಧನಿದ್ದ. ತಾಯಿಯ ಹೆಸರಿಗೆ ಉತಾರ ಮಾಡಿಸಿ, ಅವರೊಬ್ಬರ ಸಹಿ ಪಡೆದು ಖರೀದಿ ಮುಗಿಸೋಣ, ತಾನು ಸದ್ಭಾವನೆಯಿಂದಲೇ ಕೊಳ್ಳುತ್ತಿದ್ದೇನೆ ಎಂದು ಅವನು ಹೇಳಿದ್ದನಂತೆ. ಸದ್ಭಾವನೆಗೂ ಎರಡು ಅಳತೆಗಳಿವೆ. ಸಾಮಾನ್ಯ ಖಂಡಗಳ ಕಾಯ್ದೆಯಲ್ಲಿ ಪ್ರಾಮಾಣಿಕವಾಗಿ ಮಾಡಿದ್ದರೆ ಸಾಕು, ಅಜಾಗರೂಕತೆ ಇದ್ದರೂ ಅದು ಸದ್ಭಾವನೆಯೇ. ಅಪರಾಧ ಕಾನೂನಿನಲ್ಲಿ ಮತ್ತು ಕಾಲಮಿತಿ ಕಾಯ್ದೆಯಲ್ಲಿ ತಕ್ಕ ಎಚ್ಚರಿಕೆ ವಹಿಸದೆ ಮಾಡಿದ್ದು ಸದ್ಭಾವನೆಯಲ್ಲ. ತೋರಿಕೆಯ ಒಡೆಯನಿಂದ ಕೊಂಡವನನ್ನು ಕಾಯುವ ಸ್ವತ್ತು ವರ್ಗಾವಣೆ ಕಾಯ್ದೆಯ 41ನೇ ಕಲಮು ಇನ್ನೂ ಮುಂದೆ ಹೋಗಿ, ಮಾರುವವರಿಗೆ ಅಧಿಕಾರ ಇದೆಯೇ ಎಂದು ವಿಚಾರಿಸಿದ್ದನ್ನೂ ಸದ್ಭಾವನೆಯನ್ನೂ ಎರಡನ್ನೂ ಕೇಳುತ್ತದೆ. ಮನೆಯಲ್ಲಿ ಹದಿನಾರರ ಮಗಳಿದ್ದಾಳೆಂದು ಗೊತ್ತಿದ್ದೂ ಉತಾರ ಮಾತ್ರ ನೋಡಿ ಕೊಂಡವನಿಗೆ ಆ ಆಸರೆ ಸಿಗುವುದಿಲ್ಲ. ಮಗಳ ಪಾಲನ್ನು ಮಾರಲು ತಾಯಿಗೂ ನ್ಯಾಯಾಲಯದ ಅನುಮತಿ ಬೇಕು. ಅನುಮತಿಯಿಲ್ಲದೆ ಮಾರಿದರೆ, ಪ್ರಾಪ್ತ ವಯಸ್ಸಿಗೆ ಬಂದ ಮೇಲೆ ಮೂರು ವರ್ಷದೊಳಗೆ ಮಗಳು ಆ ಮಾರಾಟವನ್ನು ರದ್ದುಮಾಡಿಸಬಹುದು.

ಅಲ್ಲಿಯವರೆಗೆ ಬಾಯಿ ತೆರೆಯದ ಹುಡುಗಿ ತಲೆಯೆತ್ತಿ, “ಪ್ರಾಪ್ತ ವಯಸ್ಸು ಎಂದರೆ ಇಲ್ಲಿ ಹದಿನೆಂಟೋ ಇಪ್ಪತ್ತೊಂದೋ?” ಎಂದು ಕೇಳಿದಳು. ಹದಿನೆಂಟು ಎಂದೆ. ಅವಳು ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಒಂದು ತಾರೀಖು ಬರೆದು, ಬೆರಳಿನ ಮೇಲೆ ಮೂರು ವರ್ಷ ಎಣಿಸಿ, ಅದರ ಕೆಳಗೆ ಇನ್ನೊಂದು ತಾರೀಖು ಬರೆದುಕೊಂಡಳು.